ಋಣವಿಮೋಚನೆಯೂ ಗೃಹಸ್ಥಧರ್ಮವೂ

ನಮ್ಮ ಅನೇಕ ಮನೆಗಳಲ್ಲಿ ಸಂಧ್ಯಾಕಾಲದಲ್ಲಿ ಋಣವಿಮೋಚನ ನೃಸಿಂಹಸ್ತೋತ್ರದ ಪಾರಾಯಣ ನಡೆಯುವುದುಂಟು. ಸಾಲದ ಬಾಧೆಯಿಂದ ಬಿಡುಗಡೆಯನ್ನು ದೇವರಲ್ಲಿ ಬೇಡುವುದು ನಾಚಿಕೆಯ ಸಂಗತಿಯೆಂದು ಯಾರೂ ಭಾವಿಸುವುದಿಲ್ಲ. ಆದರೆ ಅದೇ ಬಿಡುಗಡೆಯನ್ನು ನ್ಯಾಯಾಲಯದಲ್ಲಿ ಬೇಡಿದ ಗೃಹಸ್ಥನನ್ನು ಕುರಿತು ‘ಪಾಪರ್ ಚೀಟಿ ತೆಗೆದುಕೊಂಡವನು’ ಎಂದು ಬಂಧುವರ್ಗವೇ ಪಿಸುಗುಟ್ಟುತ್ತದೆ. ಮಗಳ ಸಂಬಂಧ ಕೇಳಿಕೊಂಡು ಬಂದವರು ಹಿಂದೆಗೆಯುತ್ತಾರೆ. ಪಂಕ್ತಿಯಲ್ಲಿ ಪಕ್ಕದ ಎಲೆಯವರು ಮಾತು ಕಡಿಮೆ ಮಾಡುತ್ತಾರೆ. ಈ ಅವಮಾನಕ್ಕೆ ಅಂಜಿ, ಒಂದು ಸಾಲವನ್ನು ತೀರಿಸಲು ಮತ್ತೊಂದನ್ನು ಮಾಡಿ, ಕೊನೆಗೆ ರಾತ್ರೋರಾತ್ರಿ ಊರು ಬಿಟ್ಟವರಿದ್ದಾರೆ. ಪ್ರಾಣವನ್ನೇ ಬಿಟ್ಟವರೂ ಇದ್ದಾರೆ. ಆದುದರಿಂದ ಈ ವಿಷಯವನ್ನು ಪಿಸುಮಾತಿಗೆ ಬಿಡದೆ, ಶಾಸ್ತ್ರದ ಮತ್ತು ಪ್ರಚಲಿತ ಕಾನೂನಿನ ಬೆಳಕಿನಲ್ಲಿ ವಿಚಾರ ಮಾಡುವುದು ಉಚಿತ. ಪ್ರಶ್ನೆ ಇಷ್ಟೆ: ತೀರಿಸಲಾಗದ ಸಾಲದಿಂದ ಕಾನೂನಿನ ಮೂಲಕ ಬಿಡುಗಡೆ ಪಡೆಯುವುದು ಧರ್ಮವೋ ಅಧರ್ಮವೋ?

ಋಣವೆಂಬ ಶಬ್ದಕ್ಕೆ ನಮ್ಮಲ್ಲಿ ಬಹಳ ಗೌರವದ ಸ್ಥಾನವಿದೆ. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತೇ ಮನುಷ್ಯನು ಹುಟ್ಟುತ್ತಾನೆಂದು ತೈತ್ತಿರೀಯ ಸಂಹಿತೆಯು ಸಾರುತ್ತದೆ. ಯಜ್ಞ, ಅಧ್ಯಯನ, ಸಂತಾನಗಳಿಂದ ಅವುಗಳ ಪರಿಹಾರ. ಲೌಕಿಕ ಸಾಲವನ್ನೂ ವೇದವು ಅಲಕ್ಷಿಸಿಲ್ಲ. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಲ್ಲಿ ಜೂಜಿನಿಂದ ಸಾಲಗಾರನಾದವನು ಭಯಪಡುತ್ತ ರಾತ್ರಿಯಲ್ಲಿ ಪರರ ಮನೆಯತ್ತ ಸುಳಿಯುವ ಚಿತ್ರವಿದೆ. ಅಥರ್ವವೇದದ ಆರನೆಯ ಕಾಂಡದಲ್ಲಿ ಋಣಮುಕ್ತಿಗಾಗಿಯೇ ಸೂಕ್ತಗಳಿವೆ. ಯಕ್ಷಪ್ರಶ್ನದಲ್ಲಿ ಧರ್ಮರಾಜನು ಸುಖಿಯ ಲಕ್ಷಣಗಳನ್ನು ಹೇಳುವಾಗ ಸಾಲವಿಲ್ಲದಿರುವಿಕೆಯನ್ನು ಸೇರಿಸದೆ ಬಿಡುವುದಿಲ್ಲ. ಸಾಲವು ದುಃಖಮೂಲವೆಂಬುದರಲ್ಲಿಯೂ, ಕೊಂಡದ್ದನ್ನು ಹಿಂದಿರುಗಿಸಬೇಕೆಂಬುದರಲ್ಲಿಯೂ ಹೀಗೆ ಯಾರಿಗೂ ವಿವಾದವಿಲ್ಲ. ಹಿಂದಿರುಗಿಸಲು ಏನೂ ಉಳಿಯದಿದ್ದಾಗ ಮಾಡತಕ್ಕದ್ದೇನು ಎಂಬುದೊಂದೇ ವಿಚಾರಣೀಯ.

ಇಲ್ಲಿ ಪೂರ್ವಪಕ್ಷವು ಬಲವಾಗಿಯೇ ಇದೆ. ಹರಿಶ್ಚಂದ್ರನು ವಿಶ್ವಾಮಿತ್ರರಿಗೆ ಕೊಡಬೇಕಾದ ದಕ್ಷಿಣೆಗಾಗಿ ಪತ್ನೀಪುತ್ರರನ್ನು ಮಾರಿದನು, ತನ್ನನ್ನೂ ಮಾರಿಕೊಂಡನು. ‘ನನ್ನಲ್ಲಿ ಇಲ್ಲ’ ಎಂದು ಕೈಮುಗಿದು ಹೋಗಲಿಲ್ಲ. ತಂದೆಯ ಸಾಲವನ್ನು ಮಗನೂ ಮೊಮ್ಮಗನೂ ತೀರಿಸಬೇಕೆಂದು ಸ್ಮೃತಿಗಳು ವಿಧಿಸಿವೆ. ಹೀಗಿರುವಾಗ ನ್ಯಾಯಾಧೀಶರ ಒಂದು ಆದೇಶದಿಂದ ಸಾಲವು ಹೋಯಿತೆಂದರೆ, ಸತ್ಯಕ್ಕೆ ಬೆಲೆ ಎಲ್ಲಿ? ನಂಬಿ ಕೊಟ್ಟವನ ಗತಿ ಏನು? ಆ ಕೊಟ್ಟವನು ನಿವೃತ್ತಿಯ ಹಣವನ್ನು ಕೊಟ್ಟ ವೃದ್ಧನೋ ವಿಧವೆಯೋ ಆಗಿದ್ದರೆ ಸಾಲಗಾರನ ಬಿಡುಗಡೆಯೇ ಅವರ ಬಂಧನವಾಗುವುದಿಲ್ಲವೇ? ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ.

ಸಮಾಧಾನಕ್ಕೆ ಮೊದಲು ಸ್ಮೃತಿಗಳನ್ನೇ ನೋಡೋಣ. ಅವು ಸಾಲಗಾರನನ್ನು ಬಂಧಿಸಿದಂತೆ ಸಾಲಿಗನನ್ನೂ ಮಿತಿಯಲ್ಲಿರಿಸಿವೆ. ಒಂದೇ ಸಲಕ್ಕೆ ಪಡೆಯುವ ಬಡ್ಡಿಯು ಅಸಲನ್ನು ಮೀರಿ ಒಟ್ಟು ಇಮ್ಮಡಿಗಿಂತ ಹೆಚ್ಚಾಗಕೂಡದೆಂಬುದು ಮನುವಿನ ವಿಧಿ. ದಾಮದುಪ್ಪಟ್ ಎಂಬ ಹೆಸರಿನಲ್ಲಿ ಈ ನಿಯಮವನ್ನು ಬ್ರಿಟಿಷರ ಕಾಲದ ಮುಂಬಯಿಯ ನ್ಯಾಯಾಲಯಗಳೂ ಹಿಂದೂಗಳ ನಡುವಣ ವ್ಯವಹಾರದಲ್ಲಿ ಅಂಗೀಕರಿಸಿದ್ದವು. ತಂದೆಯು ಜೂಜಿಗೆ, ಮದ್ಯಕ್ಕೆ, ವ್ಯರ್ಥದಾನಕ್ಕೆ ಮಾಡಿದ ಸಾಲದ ಭಾರ ಮಗನಿಗಿಲ್ಲವೆಂದೂ ಮನುವು ಹೇಳಿದ್ದಾನೆ. ಎಲ್ಲಕ್ಕಿಂತ ಮುಖ್ಯವಾದದ್ದು ಯಾಜ್ಞವಲ್ಕ್ಯರ ಒಂದು ವಚನ. ಸಂಪತ್ತು ಕ್ಷೀಣಿಸಿದ ಬ್ರಾಹ್ಮಣನಿಂದ ಸಾಲವನ್ನು ಮೆಲ್ಲಮೆಲ್ಲನೆ, ಅವನಿಗೆ ಆದಾಯ ಬಂದಂತೆ ಕೊಡಿಸಬೇಕೆಂದು ಅವರ ಅಭಿಪ್ರಾಯ. ಅದೇ ಶ್ಲೋಕವು ಇತರರಿಂದ ದುಡಿಮೆ ಮಾಡಿಸಬಹುದೆಂದಿದೆ. ಆ ಭೇದವನ್ನು ಇಂದಿನ ಕಾನೂನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಒಬ್ಬನಿಗೆ ತೋರಿಸಿದ ಆ ದಯೆಯು ಎಲ್ಲರಿಗೂ ಸಲ್ಲತಕ್ಕದ್ದು. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರರು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಕಲ್ಯಾಣದಲ್ಲಿದ್ದವರು. ನಮ್ಮ ನಾಡಿನ ಇಂದಿನ ಬಸವಕಲ್ಯಾಣದಲ್ಲಿ ರಚಿತವಾದ ಗ್ರಂಥವೇ ದೇಶದ ಬಹುಭಾಗದ ಹಿಂದೂ ನ್ಯಾಯಕ್ಕೆ ಶತಮಾನಗಳ ಕಾಲ ಆಧಾರವಾಯಿತೆಂಬುದು ನಮಗೆ ಹೆಮ್ಮೆಯ ಸಂಗತಿ.

ಇನ್ನು ಪ್ರಚಲಿತ ಕಾನೂನು. ದಿವಾಳಿ ಎಂಬ ಮಾತಿಗೆ ಒಂದು ಪ್ರತೀತಿಯುಂಟು: ವ್ಯಾಪಾರವು ಮುಳುಗಿದ ವರ್ತಕನು ಹಗಲಿನಲ್ಲಿಯೇ ಅಂಗಡಿಯಲ್ಲಿ ದೀಪ ಹಚ್ಚಿಟ್ಟು ತನ್ನ ಸ್ಥಿತಿಯನ್ನು ಊರಿಗೆ ತಿಳಿಸುತ್ತಿದ್ದನಂತೆ. ಶಬ್ದವ್ಯುತ್ಪತ್ತಿಯು ಹೇಗೇ ಇರಲಿ, ಈ ಪ್ರತೀತಿಯ ತಾತ್ಪರ್ಯ ಗಮನಾರ್ಹ. ದಿವಾಳಿಯೆಂದರೆ ಓಡಿಹೋಗುವುದಲ್ಲ, ಬೆಳಕು ಹಚ್ಚಿ ತೋರಿಸುವುದು. ಕಾನೂನಿನ ಹೃದಯವೂ ಇದೇ ಆಗಿದೆ. ಕಲ್ಕತ್ತಾ, ಮುಂಬಯಿ, ಮದರಾಸು ನಗರಗಳಿಗೆ 1909ರ ಅಧಿನಿಯಮವೂ ಇತರ ಪ್ರಾಂತಗಳಿಗೆ 1920ರ ಪ್ರಾಂತೀಯ ದಿವಾಳಿ ಅಧಿನಿಯಮವೂ ರಚಿತವಾದವು. ಎರಡನೆಯದರ ಪ್ರಕಾರ ಸಾಲಗಾರನು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ, ತನ್ನ ಸಾಲಗಳ ಪಟ್ಟಿಯನ್ನೂ ಸಾಲಿಗರ ಹೆಸರುಗಳನ್ನೂ ಆಸ್ತಿಯ ವಿವರವನ್ನೂ ಲೆಕ್ಕದ ಪುಸ್ತಕಗಳನ್ನೂ ಒಪ್ಪಿಸಬೇಕು. ನ್ಯಾಯಾಲಯವು ದಿವಾಳಿಯೆಂದು ಘೋಷಿಸಿದೊಡನೆ ಅವನ ಆಸ್ತಿಯು ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರನ ವಶಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಸಾಲಿಗರು ನ್ಯಾಯಾಲಯದ ಅನುಮತಿಯಿಲ್ಲದೆ ಒಬ್ಬೊಬ್ಬರಾಗಿ ದಾವೆ ಹೂಡುವಂತಿಲ್ಲ. ಆಸ್ತಿಯನ್ನು ಮಾರಿ ಬಂದ ಹಣವನ್ನು, ಕಾನೂನು ಹೇಳಿದ ಆದ್ಯತೆಗಳನ್ನು ತೀರಿಸಿ, ಉಳಿದವರಿಗೆ ಅವರವರ ಸಾಲದ ಪ್ರಮಾಣದಲ್ಲಿ ಹಂಚಲಾಗುತ್ತದೆ. ಗಟ್ಟಿ ಧ್ವನಿಯವನಿಗೆ ಪೂರ್ತಿ, ಸಂಕೋಚದವನಿಗೆ ಶೂನ್ಯ ಎಂಬ ಅನ್ಯಾಯಕ್ಕೆ ಇಲ್ಲಿ ಎಡೆಯಿಲ್ಲ. ಆದರೆ ಮನೆಯನ್ನೋ ಹೊಲವನ್ನೋ ಅಡವು ಹಿಡಿದವನ ಹಕ್ಕು ಅಡವಿನ ಮೇಲೆ ಹಾಗೆಯೇ ಉಳಿಯುತ್ತದೆ.

ಎಲ್ಲವನ್ನೂ ಒಪ್ಪಿಸಿದವನು ಬೀದಿಗೆ ಬೀಳಬೇಕೆಂದು ಕಾನೂನು ಹೇಳುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಪ್ತಿಗೆ ಒಳಗಾಗದ ವಸ್ತುಗಳನ್ನು ಹೆಸರಿಸುತ್ತದೆ: ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣಗಳು, ಮತ್ತು ಧಾರ್ಮಿಕ ಆಚಾರದಂತೆ ಸ್ತ್ರೀಯು ತೆಗೆಯಬಾರದ ಆಭರಣಗಳು. ಅಂದರೆ ಗೃಹಿಣಿಯ ಕೊರಳಿನ ಮಾಂಗಲ್ಯಕ್ಕೆ ಸಾಲಿಗನ ಕೈ ಮುಟ್ಟುವಂತಿಲ್ಲ. ದಿವಾಳಿಯ ಅಧಿನಿಯಮವೂ ಇಂಥ ವಸ್ತುಗಳನ್ನು ಹೊರಗಿಟ್ಟಿದೆ. ಇದನ್ನು ತಿಳಿಯದೆ, ಬಡ್ಡಿಗೆ ಬಡ್ಡಿ ಕಟ್ಟಲು ಮಾಂಗಲ್ಯವನ್ನೇ ಬಿಚ್ಚಿಕೊಟ್ಟ ತಾಯಂದಿರು ಎಷ್ಟೋ ಮಂದಿ. ಕಾನೂನು ಕೇಳದಿದ್ದುದನ್ನು ಲೋಕಾಪವಾದದ ಭಯವು ಕಿತ್ತುಕೊಂಡಿತು.

ಘೋಷಣೆಯೊಂದೇ ಬಿಡುಗಡೆಯಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ವಿಮೋಚನೆಗೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ವಿಚಾರಣೆ. ಒಬ್ಬ ಗೃಹಸ್ಥನಿಗೆ ಎಂಟು ಲಕ್ಷ ರೂಪಾಯಿಯ ಸಾಲವಿದ್ದು, ಆಸ್ತಿಯಿಂದ ಎರಡು ಲಕ್ಷ ಮಾತ್ರ ಬಂದಿತೆಂದಿಟ್ಟುಕೊಳ್ಳೋಣ. ರೂಪಾಯಿಗೆ ನಾಲ್ಕಾಣೆಯಷ್ಟು ಸಾಲಿಗರಿಗೆ ದೊರೆಯಿತು. ಅಧಿನಿಯಮದ 42ನೆಯ ಕಲಮಿನಂತೆ ಆಸ್ತಿಯು ರೂಪಾಯಿಗೆ ಎಂಟಾಣೆಯಷ್ಟಾದರೂ ಇಲ್ಲದಿದ್ದರೆ, ಅದು ತನ್ನ ಹೊಣೆಗೆ ಮೀರಿದ ಕಾರಣದಿಂದ ಆಯಿತೆಂದು ಅವನು ತೋರಿಸದ ಹೊರತು ನಿರುಪಾಧಿಕವಾದ ವಿಮೋಚನೆ ಸಿಗದು. ಕಾಯಿಲೆಯೋ ಕ್ಷಾಮವೋ ಪಾಲುಗಾರನ ಮೋಸವೋ ಕಾರಣವಾದರೆ ಒಂದು ದಾರಿ. ಜೂಜು, ದುಂದುಗಾರಿಕೆ, ದುಡುಕಿನ ಸಟ್ಟಾವ್ಯಾಪಾರಗಳು ಕಾರಣವಾದರೆ ಬೇರೆ ದಾರಿ. ನ್ಯಾಯಾಲಯವು ವಿಮೋಚನೆಯನ್ನು ನಿರಾಕರಿಸಬಹುದು, ಮುಂದೂಡಬಹುದು, ಇಲ್ಲವೆ ಮುಂದಿನ ಸಂಪಾದನೆಯಲ್ಲಿ ಇಂತಿಷ್ಟು ಕೊಡಬೇಕೆಂಬ ಷರತ್ತಿನ ಮೇಲೆ ನೀಡಬಹುದು. ಆದಾಯ ಬಂದಂತೆ ಕೊಡಿಸಬೇಕೆಂಬ ಯಾಜ್ಞವಲ್ಕ್ಯರ ಮಾತೇ ಇಲ್ಲಿ ಆಂಗ್ಲರ ಕಾಲದ ಕಲಮಿನಲ್ಲಿ ಕುಳಿತಿರುವುದನ್ನು ವಿವೇಕಿಗಳು ಕಾಣಬಹುದು. ವಂಚನೆಯಿಂದ ಮಾಡಿದ ಸಾಲವಾಗಲಿ, ಸರಕಾರದ ಬಾಕಿಯಾಗಲಿ, ಹೆಂಡತಿಮಕ್ಕಳಿಗೆ ನ್ಯಾಯಾಲಯವು ವಿಧಿಸಿದ ಜೀವನಾಂಶವಾಗಲಿ ವಿಮೋಚನೆಯಿಂದ ಅಳಿಯುವುದಿಲ್ಲ.

2016ರಲ್ಲಿ ಸಂಸತ್ತು ಹೊಸ ದಿವಾಳಿ ಸಂಹಿತೆಯನ್ನು ಅಂಗೀಕರಿಸಿತು. ವಾರ್ಷಿಕ ವರಮಾನ 60,000 ರೂಪಾಯಿಗಳನ್ನೂ ಆಸ್ತಿ 20,000ವನ್ನೂ ಸಾಲ 35,000ವನ್ನೂ ಮೀರದ, ಸ್ವಂತ ಮನೆಯಿಲ್ಲದ ಬಡವನಿಗೆ ಹೊಸ ಬಾಳಿನ ಆರಂಭವನ್ನು ಕೊಡುವ ವಿಧಾನವನ್ನೂ, ಇತರರಿಗೆ ಸಾಲಿಗರ ಒಪ್ಪಿಗೆಯಿಂದ ಕಂತುಗಳ ಯೋಜನೆ ಮಾಡಿಕೊಳ್ಳುವ ವಿಧಾನವನ್ನೂ ಅದರ ಮೂರನೆಯ ಭಾಗವು ಒಳಗೊಂಡಿದೆ. ಆದರೆ 2019ರ ಡಿಸೆಂಬರ್ 1ರಂದು ಆ ಭಾಗವನ್ನು ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳ ಮಟ್ಟಿಗೆ ಮಾತ್ರ. ಸಾಮಾನ್ಯ ಗೃಹಸ್ಥನಿಗೆ ಹಳೆಯ ಅಧಿನಿಯಮವೇ ಆಸರೆಯಾಗಿ ಉಳಿಯಿತು. ಆದುದರಿಂದ ಸಂಕಟದಲ್ಲಿರುವವರು ಮಧ್ಯವರ್ತಿಗಳ ಮಾತಿಗೆ ಮರುಳಾಗದೆ, ಬಲ್ಲ ವಕೀಲರನ್ನೋ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರವನ್ನೋ ಮೊದಲೇ ಕಾಣುವುದು ಕ್ಷೇಮ.

ಈಗ ಹರಿಶ್ಚಂದ್ರನ ದೃಷ್ಟಾಂತಕ್ಕೆ ಬರೋಣ. ಮನುಷ್ಯನನ್ನು ಮಾರುವುದೂ ಸಾಲಕ್ಕಾಗಿ ಜೀತಕ್ಕಿಡುವುದೂ ಇಂದು ಅಪರಾಧ. ಸಂವಿಧಾನದ 23ನೆಯ ಅನುಚ್ಛೇದವು ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿದೆ. 1976ರ ಜೀತಪದ್ಧತಿ ರದ್ದಿಯಾತಿ ಅಧಿನಿಯಮವು ಜೀತಕ್ಕೆ ಕಾರಣವಾದ ಸಾಲವನ್ನೇ ಅಳಿಸಿಹಾಕಿತು. ಕೈಯಲ್ಲಿ ನಿಜವಾಗಿ ಏನೂ ಇಲ್ಲದವನನ್ನು ತೀರಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಸೆರೆಮನೆಗೆ ಹಾಕುವುದು ನ್ಯಾಯವಲ್ಲವೆಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ತೀರ್ಪಿತ್ತರು. ಪಿತೃಋಣದ ಧಾರ್ಮಿಕ ಹೊಣೆಯೊಂದನ್ನೇ ಆಧರಿಸಿ ಮಗನ ಮೇಲೆ ದಾವೆ ಹೂಡುವ ಹಕ್ಕು ಕೂಡ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಅನಂತರದ ಸಾಲಗಳಿಗೆ ಇಲ್ಲ. ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ಹೀಗೆ ಹರಿಶ್ಚಂದ್ರನ ಬಾಹ್ಯಕ್ರಿಯೆಯು ನಮಗೆ ಅನುಕರಣೀಯವಲ್ಲ. ಅನುಕರಣೀಯವಾದದ್ದು ಅವನ ಸತ್ಯ. ಅವನು ಋಣವನ್ನು ಅಲ್ಲಗಳೆಯಲಿಲ್ಲ, ಇದ್ದುದರಲ್ಲಿ ಒಂದು ಕವಡೆಯನ್ನೂ ಬಚ್ಚಿಡಲಿಲ್ಲ.

ಸಿದ್ಧಾಂತವು ಇಲ್ಲಿಯೇ ಇದೆ. ಋಣವಿಮೋಚನೆ ಬೇರೆ, ಋಣನಿರಾಕರಣೆ ಬೇರೆ. ‘ನಾನು ಕೊಡಬೇಕಾದದ್ದು ಇಷ್ಟು, ನನ್ನಲ್ಲಿರುವುದು ಇಷ್ಟು, ಎಲ್ಲವೂ ಇಲ್ಲಿದೆ’ ಎಂದು ಪ್ರಮಾಣಪೂರ್ವಕವಾಗಿ ಹೇಳಿದವನು ಸತ್ಯವನ್ನೇ ನುಡಿದಿದ್ದಾನೆ. ಬಾರದ ಹಣವನ್ನು ಬರುತ್ತದೆಂದು, ನಾಳೆ ಕೊಡುತ್ತೇನೆ ನಾಡಿದ್ದು ಕೊಡುತ್ತೇನೆಂದು ಹತ್ತು ಮನೆಗಳ ಬಾಗಿಲಲ್ಲಿ ಸುಳ್ಳು ಹೇಳುತ್ತ, ಹನ್ನೊಂದನೆಯವನಿಂದ ಹೊಸ ಸಾಲ ತರುವವನು ಮಾನವನ್ನು ಉಳಿಸಿಕೊಂಡಂತೆ ಕಂಡರೂ ಸತ್ಯವನ್ನು ಕಳೆದುಕೊಳ್ಳುತ್ತಾನೆ. ಅರ್ಜಿಗೆ ಮುನ್ನ ಮನೆಯನ್ನು ಭಾವಮೈದುನನ ಹೆಸರಿಗೆ ಬರೆದು, ಒಡವೆಯನ್ನು ತವರಿಗೆ ಸಾಗಿಸಿ, ಬರಿಗೈ ತೋರಿಸುವವನಂತೂ ಕಳ್ಳನೇ. ಕಾನೂನು ಅವನನ್ನು ಬಲ್ಲದು: ದಿವಾಳಿಗೆ ಹಿಂದಿನ ಎರಡು ವರ್ಷಗಳೊಳಗಿನ ಅಪ್ರಾಮಾಣಿಕ ವರ್ಗಾವಣೆಗಳನ್ನು ಅದು ರದ್ದುಮಾಡುತ್ತದೆ; ಅರ್ಜಿಗೆ ಮೂರು ತಿಂಗಳೊಳಗೆ ಬೇಕಾದವನೊಬ್ಬನಿಗೆ ಮಾತ್ರ ಒಳಗೊಳಗೆ ತೀರಿಸಿದ್ದನ್ನೂ ತಳ್ಳಿಹಾಕುತ್ತದೆ; ಆಸ್ತಿಯನ್ನು ಬಚ್ಚಿಟ್ಟರೆ ಶಿಕ್ಷೆಯನ್ನೂ ವಿಧಿಸುತ್ತದೆ.

‘ದೇವರೇ ಸಾಲ ಮಾಡಿ ಮದುವೆಯಾದ’ ಎಂದು ನಮ್ಮಲ್ಲಿ ಕೆಲವರು ಸಲುಗೆಯಿಂದ ಹೇಳುವುದುಂಟು. ಭವಿಷ್ಯೋತ್ತರ ಪುರಾಣದ ವೇಂಕಟೇಶ ಮಾಹಾತ್ಮ್ಯೆಯಲ್ಲಿ ಶ್ರೀನಿವಾಸನು ಪದ್ಮಾವತಿಯ ಪರಿಣಯಕ್ಕಾಗಿ ಕುಬೇರನಿಂದ ಸಾಲ ಪಡೆದ ಪ್ರಸಂಗವು ಪ್ರಸಿದ್ಧವಷ್ಟೆ. ಲಕ್ಷ್ಮೀಪತಿಗೆ ಸಾಲದ ಅಗತ್ಯವೆಲ್ಲಿಯದು? ಅದು ಲೀಲೆ. ಆದರೆ ಲೀಲೆಯಲ್ಲಿಯೂ ಸ್ವಾಮಿಯು ಸಾಕ್ಷಿಗಳನ್ನಿಟ್ಟು ಋಣಪತ್ರ ಬರೆದುಕೊಟ್ಟನು. ಕಲಿಯುಗವೆಲ್ಲ ಬಡ್ಡಿ ತೆರುವ ಹೊಣೆಯನ್ನು ಹೊತ್ತನು. ಈ ಕಥೆಯಿಂದ ಸಾಲ ಮಾಡುವುದಕ್ಕೆ ಅನುಮತಿಯನ್ನು ತೆಗೆಯುವವರು ಸಾಲವನ್ನು ಮುಚ್ಚಿಡದಿರುವ ಪಾಠವನ್ನು ಮಾತ್ರ ಬಿಟ್ಟುಬಿಡುತ್ತಾರೆ.

ವಿಮೋಚನೆಯು ದೊರೆತ ಮೇಲೆ ಧರ್ಮದ ಕೆಲಸ ಮುಗಿಯಿತೆ? ಇಲ್ಲ. ಕಾನೂನು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಮುಂದೆ ಧರ್ಮವು ಒಂಟಿಯಾಗಿ ನಡೆಯಬೇಕು. ಮೊದಲನೆಯದಾಗಿ ಜಾಮೀನುದಾರ. ಸಾಲಗಾರನಿಗೆ ದೊರೆತ ವಿಮೋಚನೆಯು ಅವನ ಜಾಮೀನುದಾರನನ್ನು ಬಿಡುಗಡೆ ಮಾಡುವುದಿಲ್ಲ. ಇದು ಆ ಅಧಿನಿಯಮದ 44ನೆಯ ಕಲಮಿನ ಸ್ಪಷ್ಟ ವಿಧಿ. ಸ್ನೇಹಕ್ಕೋ ದಾಕ್ಷಿಣ್ಯಕ್ಕೋ ರುಜು ಹಾಕಿದ ಷಡ್ಡಕನ ಸಂಬಳದಿಂದ ಬ್ಯಾಂಕು ತಿಂಗಳು ತಿಂಗಳೂ ಹಣ ಹಿಡಿಯುತ್ತಿರುವಾಗ, ಸಾಲ ಮಾಡಿದವನು ‘ನಾನು ಮುಕ್ತ’ ಎಂದು ನಿಶ್ಚಿಂತನಾಗಿರುವುದು ಹೇಗೆ ಸಾಧ್ಯ? ನ್ಯಾಯಾಲಯವು ಕೇಳದಿದ್ದರೂ ಈ ಋಣವು ಅವನನ್ನು ಕೇಳುತ್ತದೆ. ಎರಡನೆಯದಾಗಿ, ನಂಬಿಕೆಯ ಮೇಲೆ ಕೈಗಡ ಕೊಟ್ಟ ಬಡವರು. ಮೂರು ವರ್ಷದ ಅವಧಿ ಮೀರಿದ ಸಾಲಕ್ಕೆ ದಾವೆ ನಡೆಯದು. ಆದರೆ ಅಂಥ ಸಾಲವನ್ನು ತೀರಿಸುತ್ತೇನೆಂದು ಋಣಿಯು ತಾನಾಗಿ ಬರೆದುಕೊಟ್ಟರೆ ಅದು ಊರ್ಜಿತವೆಂದು 1872ರ ಕರಾರು ಅಧಿನಿಯಮದ 25ನೆಯ ಕಲಮು ಹೇಳುತ್ತದೆ. ಬಲವಂತವು ಸತ್ತರೂ ಸಾಲದ ನೆನಪು ಸಾಯಬೇಕಾಗಿಲ್ಲವೆಂಬುದನ್ನು ಕಾನೂನೇ ಒಪ್ಪಿದಂತಾಯಿತು. ವಿಮೋಚನೆ ಪಡೆದವನು ಮುಂದೆ ಭಗವದನುಗ್ರಹದಿಂದ ಚೇತರಿಸಿಕೊಂಡರೆ, ಆ ವೃದ್ಧನ, ಆ ವಿಧವೆಯ ಹಣವನ್ನು ಸ್ವಲ್ಪ ಸ್ವಲ್ಪವಾಗಿಯಾದರೂ ಮುಟ್ಟಿಸಬೇಕು. ಪೂರ್ವಪಕ್ಷಿಯ ಕೊನೆಯ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಉತ್ತರವಿಲ್ಲ.

ಸಾಲಿಗನಿಗೂ ಧರ್ಮವುಂಟು. ಪುಷ್ಯ ಬಹುಳ ಅಮಾವಾಸ್ಯೆಯಂದು ನಾವು ಆರಾಧಿಸುವ ಶ್ರೀ ಪುರಂದರದಾಸರು ಪೂರ್ವಾಶ್ರಮದಲ್ಲಿ ಲೇವಾದೇವಿಯ ಶ್ರೀನಿವಾಸ ನಾಯಕರೆಂದು ಸಂಪ್ರದಾಯವು ಹೇಳುತ್ತದೆ. ಮಗನ ಉಪನಯನಕ್ಕೆಂದು ಬಂದು ಬೇಡಿದ ಬಡ ಬ್ರಾಹ್ಮಣನನ್ನು ಅವರು ತಿರುತಿರುಗಿಸಿದ್ದು, ಪತ್ನಿಯು ಮೂಗುತಿಯನ್ನು ಬಿಚ್ಚಿ ಕೊಟ್ಟದ್ದು, ನಾಯಕರ ಕಣ್ಣು ತೆರೆದದ್ದು ಎಲ್ಲರೂ ಬಲ್ಲ ಕಥೆ. ಎಲ್ಲ ಸಾಲಿಗರೂ ಸರ್ವಸ್ವತ್ಯಾಗ ಮಾಡಬೇಕೆಂದು ಇದರ ಅರ್ಥವಲ್ಲ. ಆದರೆ ಅಸಲಿಗೆ ಇಮ್ಮಡಿ ಬಡ್ಡಿಯನ್ನು ಆಗಲೇ ಪಡೆದವನು, ಮುಳುಗುತ್ತಿರುವವನ ಕೈಯಿಂದ ಇನ್ನೂ ಕಿತ್ತುಕೊಳ್ಳುವ ಮುನ್ನ ಒಮ್ಮೆ ಈ ಕಥೆಯನ್ನು ನೆನೆಯಬೇಡವೇ? ಮಿತಿಮೀರಿದ ಬಡ್ಡಿಯನ್ನು ನಮ್ಮ ರಾಜ್ಯವು 2004ರ ಅಧಿನಿಯಮದಿಂದ ನಿಷೇಧಿಸಿದೆ. ಕಿರುಸಾಲದ ವಸೂಲಿಯಲ್ಲಿ ನಡೆಯುತ್ತಿದ್ದ ಕಿರುಕುಳವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಸಮಾಜದ ಪಾಲೂ ಇದರಲ್ಲಿ ಕಡಿಮೆಯಲ್ಲ. ಉಪನಯನ ವಿವಾಹಗಳ ಆಡಂಬರಕ್ಕೆ ಸಾಲ ಮಾಡಿಸುವವರು ಯಾರು? ಛತ್ರ ಚಿಕ್ಕದಾಯಿತೆಂದು, ಭಕ್ಷ್ಯ ಕಡಿಮೆಯಾಯಿತೆಂದು ಆಡಿಕೊಳ್ಳುವ ನಾವೇ ಅಲ್ಲವೇ? ಸಂಸ್ಕಾರಕ್ಕೆ ಬೇಕಾದದ್ದು ಅಗ್ನಿ, ಮಂತ್ರ, ಶ್ರದ್ಧೆ. ಸಾವಿರ ಎಲೆಯ ಭೋಜನವನ್ನು ಯಾವ ಗೃಹ್ಯಸೂತ್ರವೂ ವಿಧಿಸಿಲ್ಲ. ಶಕ್ತಿಮೀರಿ, ಪರರ ಹಣದಿಂದ ಮಾಡಿದ ಸಂತರ್ಪಣೆಯ ಪುಣ್ಯವು ಹಣ ಕೊಟ್ಟವನದೋ ಬಡಿಸಿದವನದೋ ಎಂದು ಯೋಚಿಸಬೇಕಾದೀತು. ಹೀಗೆ ಸಾಲಕ್ಕೆ ನೂಕಿದ ಸಮಾಜವು, ಸಾಲದಲ್ಲಿ ಬಿದ್ದವನು ಕಾನೂನಿನ ಕೈಹಿಡಿದು ಮೇಲೇಳುವಾಗ ಅವನನ್ನು ಹಳಿಯುವುದು ನ್ಯಾಯವಲ್ಲ. ಲೆಕ್ಕವನ್ನು ಒಪ್ಪಿಸಿ ಬಂದವನಿಗೆ ದೇವಸ್ಥಾನದ ಪಂಕ್ತಿಯಲ್ಲಿ ಮೊದಲಿನದೇ ಸ್ಥಾನ, ಮೊದಲಿನದೇ ಮಾತು ಇರಬೇಕು. ಮನೆಯ ಹಿರಿಯರು ಸಹ ಸೊಸೆಮಕ್ಕಳಿಗೆ, ಸಾಲವಿದ್ದರೆ ನಿರ್ಭಯವಾಗಿ ಹೇಳಿರೆಂದು ಮುಂಚೆಯೇ ಹೇಳಿಡಬೇಕು. ಎಷ್ಟೋ ಮನೆಗಳಲ್ಲಿ ಸಾಲಕ್ಕಿಂತ ಮೊದಲು ಕೊಂದದ್ದು ಮೌನ.

ನಮ್ಮ ಸಿದ್ಧಾಂತದಲ್ಲಿ ಸ್ವತಂತ್ರನು ಶ್ರೀಹರಿಯೊಬ್ಬನೇ; ಜೀವನು ಅಸ್ವತಂತ್ರ. ಸಂಪತ್ತು ತನ್ನ ಸಾಮರ್ಥ್ಯದಿಂದಲೇ ಬಂದಿತೆಂದು ಬೀಗುವುದು ಎಷ್ಟು ತಪ್ಪೋ, ಅದು ಹೋದೊಡನೆ ತನ್ನ ಬಾಳಿಗೇ ಬೆಲೆಯಿಲ್ಲವೆಂದು ಕುಸಿಯುವುದೂ ಅಷ್ಟೇ ತಪ್ಪು. ಧನವು ಹೋದವನಲ್ಲಿ ಸತ್ಯ ಉಳಿದಿರಬಹುದು, ದುಡಿಯುವ ಕೈಗಳು ಉಳಿದಿರಬಹುದು. ತೀರಿಸಬೇಕಾದವನು ಬದುಕಿದ್ದರೆ ತಾನೆ ತೀರಿಸುವ ಮಾತು? ಆದುದರಿಂದ ತೀರಿಸುವ ಶಕ್ತಿಯಿದ್ದವನು ಕೊನೆಯ ಕಾಸಿನವರೆಗೆ ತೀರಿಸಲಿ. ಶಕ್ತಿ ತೀರಿದವನು ಇದ್ದುದನ್ನೆಲ್ಲ ಬೆಳಕಿನಲ್ಲಿಟ್ಟು, ಕಾನೂನು ಕೊಟ್ಟ ಬಿಡುಗಡೆಯನ್ನು ಅಳುಕಿಲ್ಲದೆ ಪಡೆಯಲಿ. ಪಡೆದ ಮೇಲೆ ನಂಬಿ ಕೊಟ್ಟವರ ಹೆಸರುಗಳನ್ನು ಮರೆಯದಿರಲಿ. ಹೀಗೆ ನಡೆದವನ ಋಣವಿಮೋಚನೆಯು ಧರ್ಮಕ್ಕೆ ವಿರೋಧವಾಗದು.

ಶ್ರೀಕೃಷ್ಣಾರ್ಪಣಮಸ್ತು